ಯಜಮಾನರ ಪರವಾಗಿ ಜಾನಮಾಜ್

ಖುದ್ದೂಸ್ ಸಾಹೇಬರು ಪ್ರತಿ ಶುಕ್ರವಾರ ಎಲ್ಲರಿಗಿಂತ ಮೊದಲು ಮಸೀದಿಗೆ ಬಂದು, ಮುಂದಿನ ಸಾಲಿನಲ್ಲಿ ತಮ್ಮ ಮಖಮಲ್ಲಿನ ಜಾನಮಾಜ್ ಹಾಸಿ, ಚಹಾದಂಗಡಿಗೆ ಹೋಗಿಬಿಡುತ್ತಿದ್ದರು. ನಮಾಜು ಮಾಡುವ ಆ ನೆಲಹಾಸಿಗೆ ತಾನೇ ಸಾಹೇಬನೆಂಬ ಗತ್ತು.

ಒಂದು ಶುಕ್ರವಾರ ಅದರ ಕೆಳಗಿದ್ದ ಮಸೀದಿಯ ಹಳೆ ಚಾಪೆ ಕೇಳಿತು, "ನಿಮ್ಮ ಯಜಮಾನರು ಎಲ್ಲಿ?"

"ಚಹಾ ಕುಡಿಯುತ್ತಿದ್ದಾರೆ. ಅವರ ಪರವಾಗಿ ನಾನಿದ್ದೇನಲ್ಲ," ಎಂದಿತು ಜಾನಮಾಜ್.

"ನಮಾಜನ್ನೂ ತಾವೇ ಮಾಡುತ್ತೀರೋ?"

ಅಷ್ಟರಲ್ಲಿ ಮಸೀದಿ ತುಂಬಿತು. ಮುದುಕ ಲಾಡ್ಲೇಸಾಬರು ಜಾಗ ಸಿಗದೆ ಬಾಗಿಲ ಬಳಿ ಬಿಸಿಲಲ್ಲೇ ಕೋಲೂರಿ ನಿಂತಿದ್ದರು. ಜನ ನಮಾಜಿಗೆ ಎದ್ದಾಗ ಮೌಲಾನಾ ತಿರುಗಿ ಸಾಲು ನೋಡಿ, ಬಾಗಿಲತ್ತ ಕೈಬೀಸಿ ಕರೆದರು.

"ನಡುವೆ ಖಾಲಿ ಬಿಡಬೇಡಿ. ಹಿರಿಯರೇ, ಮುಂದೆ ಬನ್ನಿ."

"ಇಲ್ಲಿ ಜನ ಇದ್ದಾರೆ," ಎಂದಿತು ಜಾನಮಾಜ್.

ಲಾಡ್ಲೇಸಾಬರಿಗೆ ಕಿವಿ ಮಂದ. ಅವರು ಮುಂದೆ ಬಂದು ಜಾನಮಾಜನ್ನು ಜೋಪಾನವಾಗಿ ಮಡಿಸಿ, ಕಿಟಕಿಯ ಗೂಡಿನಲ್ಲಿಟ್ಟು, ಬರಿಯ ಚಾಪೆಯ ಮೇಲೆ ನಿಂತರು. ಗೂಡಿನಿಂದ ಜಾನಮಾಜಿಗೆ ಎಲ್ಲವೂ ಕಂಡಿತು. ಏದುಸಿರು ಬಿಡುತ್ತ ಓಡಿಬಂದ ಯಜಮಾನರು, ಗಡ್ಡದಲ್ಲಿ ಬಿಸ್ಕತ್ತಿನ ಚೂರು ಸಮೇತ, ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದರು. ಮಡಿಸಿಟ್ಟಲ್ಲೇ ಜಾನಮಾಜಿಗೆ ನಾಚಿಕೆಯಾಯಿತು.

ಮುಂದಿನ ಶುಕ್ರವಾರವೂ ಸಾಹೇಬರು ಅದನ್ನು ಹಾಸಿ ಬಾಗಿಲ ಕಡೆ ಹೆಜ್ಜೆ ಹಾಕಿದರು. ಜಾನಮಾಜ್ ಸುರುಳಿ ಸುತ್ತಿಕೊಂಡು, ಉರುಳುತ್ತ ಅವರ ಹಿಂದೆಯೇ ಹೊರಟಿತು.

"ನೀನೆಲ್ಲಿಗೆ?" ಎಂದರು ಸಾಹೇಬರು.

"ನೀವಿಲ್ಲದ ಮೇಲೆ ಅಲ್ಲಿ ನನಗೇನು ಕೆಲಸ?" ಎಂದಿತು ಜಾನಮಾಜ್. "ನಡೆಯಿರಿ, ನಾನೂ ಚಹಾಕ್ಕೆ ಬರುತ್ತೇನೆ."