ಉಪ್ಪಿನ ಜಾಡಿಯಲ್ಲಿ ಎಲೆಕಟ್ಟು

"ಗುರುಗಳೇ, ಹೊಸದಾಗಿ ಮದುವೆಯಾದವರು ಒಂದು ದೊಡ್ಡ ನಗರಕ್ಕೆ ಹೋದರೆ ಅಲ್ಲಿ ಎಷ್ಟು ದಿನ ಇರಬೇಕು?" ಎಂದು ಶಿಷ್ಯನು ಕೇಳಿದನು.

"ಯಾವ ನಗರ?" ಎಂದರು ಗುರುಗಳು.

"ಮುಂಬೈ. ಮುಂದಿನ ವಾರ ಹೊರಡುತ್ತೇವೆ. ಎರಡು ದಿನ ಸಾಕೆಂದು ನನ್ನ ಎಣಿಕೆ. ನೋಡಬೇಕಾದದ್ದೆಲ್ಲ ಅಷ್ಟರಲ್ಲಿ ಮುಗಿಯುತ್ತದೆ."

"ನಿನ್ನ ಹೆಂಡತಿಯ ಎಣಿಕೆ ಏನು?"

"ಅವಳು ಒಂದು ವಾರ ಎನ್ನುತ್ತಾಳೆ. ಮದುವೆಗೆ ಮೊದಲು ಅಲ್ಲೇ ಕೆಲಸದಲ್ಲಿದ್ದಳು. ಅಲ್ಲಿ ಅವಳಿಗೆ ಎಲ್ಲರೂ ಗೊತ್ತು, ಎಲ್ಲ ಬೀದಿಗಳೂ ಗೊತ್ತು. ಗೊತ್ತಿರುವ ಊರಿನಲ್ಲಿ ಒಂದು ವಾರ ನೋಡುವುದು ಏನಿದೆ ಗುರುಗಳೇ?"

ಹೊರಗೆ ಜಗಲಿಯಲ್ಲಿ ಶಿಷ್ಯನ ಹೆಂಡತಿ ಮಠದ ಅಡುಗೆಯವರ ಜೊತೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಯಾರೋ ಏನೋ ಅಂದರು. ಅವಳು ಗಟ್ಟಿಯಾಗಿ ನಕ್ಕಳು. ಶಿಷ್ಯನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕುಳಿತನು.

"ತಮಗೆ ಗದ್ದಲವಾಗುತ್ತದೆ" ಎಂದನು.

ಗುರುಗಳು ಒಂದು ಗಳಿಗೆ ಬಾಗಿಲನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿಯಿದ್ದನು. ವೀಳ್ಯದೆಲೆಯ ತೋಟದವನೊಬ್ಬನ ಮಗಳನ್ನು ಅವನು ಮದುವೆಯಾದನು.

ಆ ಸೀಮೆಯಲ್ಲಿ ಒಂದು ರೂಢಿಯಿತ್ತು. ಹೊಸ ಗಂಡ ಹೆಂಡತಿ ಒಂದು ದೊಡ್ಡ ಪಟ್ಟಣಕ್ಕೆ ಹೋಗಿ ಕೆಲವು ದಿನ ಇದ್ದು ಬರಬೇಕು. ಎಷ್ಟು ದಿನ ಎಂಬುದನ್ನು ಗಂಡ ನಿರ್ಧರಿಸುವಂತಿಲ್ಲ, ಹೆಂಡತಿಯೂ ನಿರ್ಧರಿಸುವಂತಿಲ್ಲ. ಹೊರಡುವಾಗ ಹುಡುಗಿಯ ತಾಯಿ ಒಂದು ಕಟ್ಟು ವೀಳ್ಯದೆಲೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಕೊಡುತ್ತಾಳೆ. ದಿನವೂ ಊಟವಾದ ಮೇಲೆ ಹೆಂಡತಿ ಅದರಿಂದ ಎಲೆ ತೆಗೆದು ಮಡಿಸಿ ಗಂಡನಿಗೆ ಕೊಡಬೇಕು, ತಾನೂ ಹಾಕಿಕೊಳ್ಳಬೇಕು. ಬೇಕೆನಿಸಿದರೆ ಪಟ್ಟಣದಲ್ಲಿ ಬೇಕಾದವರಿಗೂ ಕೊಡಬಹುದು. ಎಲೆ ಇರುವವರೆಗೆ ಅಲ್ಲಿರಬೇಕು. ಕೊನೆಯ ಎಲೆಯನ್ನು ಎರಡಾಗಿ ಸೀಳಿ ಇಬ್ಬರೂ ತಿಂದು ಗಾಡಿ ಹತ್ತಬೇಕು. ತಿರುಗಿ ಬಂದಾಗ ತಾಯಿ ಅಳಿಯನನ್ನು ಒಂದೇ ಮಾತು ಕೇಳುತ್ತಾಳೆ: "ಕೊನೆಯ ಎಲೆ ಹೇಗಿತ್ತು?" ಜೋಪಾನ ಮಾಡಿದ ಎಲೆ ಕೊನೆಯವರೆಗೂ ಹಸಿರಾಗಿರುತ್ತದೆ. ಆದ್ದರಿಂದ ಆ ಒಂದು ಮಾತಿನಲ್ಲಿ ತಾಯಿಗೆ ತಿಳಿಯಬೇಕಾದದ್ದೆಲ್ಲ ತಿಳಿಯುತ್ತದೆ.

ವ್ಯಾಪಾರಿ ರಾಜಧಾನಿಯನ್ನು ಆರಿಸಿದನು. ಉಪ್ಪು ಮಾರಲು ಹಲವು ಸಲ ಅಲ್ಲಿಗೆ ಹೋಗಿ ಬಂದಿದ್ದನು. ಹೆಂಡತಿಗೆ ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದನು. ಅವಳು ಚಿಕ್ಕಂದಿನಲ್ಲಿ ಅದೇ ರಾಜಧಾನಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವಳೆಂದು ಮದುವೆಯ ಮಾತುಕತೆಯ ದಿನ ಯಾರೋ ಹೇಳಿದ್ದರು. ಅವನು ಅದನ್ನು ಮನಸ್ಸಿಗೆ ತೆಗೆದುಕೊಂಡಿರಲಿಲ್ಲ.

ಛತ್ರದಲ್ಲಿ ಗಂಟು ಇಳಿಸಿ ಇಬ್ಬರೂ ಊರು ನೋಡಲು ಹೊರಟರು. ಅರಮನೆಯ ಹೆಬ್ಬಾಗಿಲು ತೋರಿಸಲು ವ್ಯಾಪಾರಿ ಕೈ ಎತ್ತಿದನು. ಅಷ್ಟರಲ್ಲಿ ಅವಳು ಪಕ್ಕದ ಸಂದಿಗೆ ತಿರುಗಿಬಿಟ್ಟಿದ್ದಳು. "ಹೀಗೆ ಬನ್ನಿ, ಇದು ಹತ್ತಿರ" ಎಂದಳು. ಅವನು ಕೈ ಇಳಿಸಿ ಹಿಂದೆ ನಡೆದನು.

ಸಂದಿ ಹೂವಿನ ಬೀದಿಗೆ ಸೇರುತ್ತಿತ್ತು. ಅಲ್ಲಿ ಒಬ್ಬ ಹೂವಾಡಿಗನು ಅಂಗಡಿಯಿಂದಲೇ ಕೂಗಿದನು.

"ಏನೇ ತೊಂಡೆಕಾಯಿ! ಇನ್ನೂ ಬದುಕಿದ್ದೀಯಾ?"

"ನಿನ್ನ ಬಾಡಿದ ಹಾರ ಕೊಂಡವರೇ ಬದುಕಿರುವಾಗ ನನಗೇನು ಧಾಡಿ?" ಎಂದಳು ಅವಳು.

ಹೂವಾಡಿಗನಿಗೆ ಹೆಚ್ಚು ಕಡಿಮೆ ವ್ಯಾಪಾರಿಯದೇ ವಯಸ್ಸು. ಅವನು ವ್ಯಾಪಾರಿಯನ್ನು ಮೇಲಿಂದ ಕೆಳಗೆ ನೋಡಿ, "ಇವರೇ ಯಜಮಾನರೋ? ಬಾಯಿ ಕಟ್ಟಿದ ಉಪ್ಪಿನ ಮೂಟೆಯ ಹಾಗೆ ನಿಂತಿದ್ದೀರಲ್ಲ ಸ್ವಾಮಿ, ಒಂದು ಮಾತಾಡಿ" ಎಂದನು.

ಅವಳು ನಕ್ಕಳು. ತಲೆ ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮನೆಯಲ್ಲಿಯೂ ಅವಳು ನಗುತ್ತಿದ್ದಳು, ಆದರೆ ಬಾಯಿಗೆ ಅಂಗೈ ಅಡ್ಡ ಹಿಡಿದು. ಅವಳ ನಗು ಇರುವುದೇ ಅಷ್ಟು ಎಂದು ವ್ಯಾಪಾರಿ ತಿಳಿದಿದ್ದನು. ಈಗ ಬೇರೊಂದು ನಗು ಇದೆಯೆಂದು ತಿಳಿಯಿತು. ಅದು ತನಗೆ ಸಿಕ್ಕಿರಲಿಲ್ಲ ಎಂದೂ ತಿಳಿಯಿತು.

ಸಂಜೆ ಛತ್ರದಲ್ಲಿ ಅವನು, "ತೊಂಡೆಕಾಯಿ ಅಂದನಲ್ಲ, ಯಾಕೆ?" ಎಂದು ಕೇಳಿದನು.

"ಏನೋ ಹುಡುಗಾಟದ್ದು, ಬಿಡಿ" ಎಂದಳು ಅವಳು.

ಅವನು ಬಿಡಲಿಲ್ಲ. ಮತ್ತೆ ಕೇಳಲಿಲ್ಲ, ಆದರೆ ಬಿಡಲಿಲ್ಲ.

ಮರುದಿನ ಅವಳು ಸೋದರತ್ತೆಗೆ ಎಲೆ ಕೊಟ್ಟಳು. ನೀರು ಸೇದುವ ಮುದುಕಿಗೆ ಕೊಟ್ಟಳು. ಅದರ ಮರುದಿನ ಹೂವಾಡಿಗನಿಗೆ ಒಂದು ಹಿಡಿ ಎಲೆ ಕೊಟ್ಟು, "ಅಪ್ಪನ ತೋಟದ್ದು ಕಣೋ" ಎಂದಳು. ಹೂವಾಡಿಗನು ಅದನ್ನು ಹೂವಿನ ಮೇಲೆ ಮುಚ್ಚಿದ್ದ ಒದ್ದೆ ಬಟ್ಟೆಯ ಅಡಿಗೆ ಇಟ್ಟನು. ತನಗಾಗಿ ಕಟ್ಟಿಕೊಟ್ಟ ಎಲೆ ಇನ್ನೊಬ್ಬನ ಬಟ್ಟೆಯ ಅಡಿಗೆ ಹೋದದ್ದನ್ನು ವ್ಯಾಪಾರಿ ನಿಂತು ನೋಡಿದನು.

ಆ ಊರಿನಿಂದ ಅವಳನ್ನು ಬೇಗ ಕರೆದುಕೊಂಡು ಹೋಗಬೇಕೆಂದು ಅವನಿಗಿತ್ತು. ಎಲೆ ಬೇಗ ಮುಗಿದರೆ ಬೇಗ ಹೊರಡಬಹುದಿತ್ತು. ಅವಳು ಹಂಚಿದಷ್ಟೂ ಬೇಗ ಮುಗಿಯುತ್ತಿತ್ತು. ಆದರೆ ಅವಳು ಹಂಚುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ತನಗೆ ಬೇಕಾದದ್ದು ಸಿಗುತ್ತಿದ್ದರೂ ಅದು ಕಾಣುವುದಿಲ್ಲ. ಇನ್ನೊಬ್ಬರ ಕೈ ಮಾತ್ರ ಕಾಣುತ್ತದೆ.

ಆ ಸಂಜೆ ಅವನು, "ಎಲೆಕಟ್ಟು ಇನ್ನು ನನ್ನ ಹತ್ತಿರ ಇರಲಿ. ದಿನಕ್ಕೆ ಬೇಕಾದಷ್ಟು ನಾನೇ ತೆಗೆದುಕೊಡುತ್ತೇನೆ" ಎಂದನು.

"ಅದಕ್ಕೆ ನೀರು ಚಿಮುಕಿಸಬೇಕು. ದಿನವೂ ಮಗುಚಬೇಕು. ಗಾಳಿಯಾಡಬೇಕು" ಎಂದಳು ಅವಳು.

"ಸಾಮಾನು ಕೆಡದಂತೆ ಇಡುವುದು ನನಗೆ ಗೊತ್ತಿಲ್ಲವೇ? ಹುಟ್ಟಿದಂದಿನಿಂದ ಅದೇ ಕೆಲಸ."

ಅವಳು ಎಲೆಯವರ ಮಗಳು. ಆದರೂ ಎರಡನೆಯ ಸಲ ಹೇಳಲಿಲ್ಲ.

ಉಪ್ಪಿನವರಿಗೆ ನೀರೇ ವೈರಿ. ಒಂದು ಹನಿ ತಾಗಿದರೆ ಮಾಲು ಕೆಟ್ಟಿತು. ಒಣಗಿಸಬೇಕು, ಒತ್ತಿ ತುಂಬಬೇಕು, ಬಾಯಿ ಬಿಗಿಯಬೇಕು. ವ್ಯಾಪಾರಿಗೆ ಗೊತ್ತಿದ್ದ ಜೋಪಾನ ಅದೊಂದೇ. ಪೇಟೆಯಲ್ಲಿ ಮಾದರಿ ತೋರಿಸಲು ಅವನು ಒಂದು ಜಾಡಿಯಲ್ಲಿ ಉಪ್ಪು ತಂದಿದ್ದನು. ಅದನ್ನು ಬರಿದು ಮಾಡಿ ಬಟ್ಟೆಯಿಂದ ಒರೆಸಿದನು. ಬಾಳೆಪಟ್ಟೆ ಬಿಚ್ಚಿ ಎಲೆಗಳನ್ನು ಒಂದೊಂದಾಗಿ ಒರೆಸಿ ಜಾಡಿಯಲ್ಲಿ ಒತ್ತಿ ತುಂಬಿದನು. ಮುಚ್ಚಳದ ಮೇಲೆ ಬಟ್ಟೆ ಬಿಗಿದು ಜಾಡಿಯನ್ನು ತಲೆದೆಸೆಯಲ್ಲಿ ಇಟ್ಟುಕೊಂಡನು. ಅಂದು ಅವನಿಗೆ ಒಳ್ಳೆಯ ನಿದ್ದೆ ಬಂತು.

ದಿನವೂ ಊಟವಾದ ಮೇಲೆ ಮೇಲಿನ ಎಲೆಗಳನ್ನು ತೆಗೆದುಕೊಡುತ್ತಿದ್ದನು. ಅವಳು ಮಡಿಸುತ್ತಿದ್ದಳು. ಮೊದಲು ಎಲೆಯ ಅಂಚು ಬಾಡಿತ್ತು. ಆಮೇಲೆ ಸಣ್ಣ ಕಪ್ಪು ಚುಕ್ಕೆ ಕಂಡಿತು. ಅವಳು ಚುಕ್ಕೆಯ ಎಲೆಯನ್ನು ತನಗೆ ಇಟ್ಟುಕೊಂಡು, ಚೆನ್ನಾಗಿರುವುದನ್ನು ಅವನಿಗೆ ಕೊಟ್ಟಳು. ಎರಡರಲ್ಲೂ ಚುಕ್ಕೆಯಿದ್ದ ದಿನ ಅದು ಒಳಗೆ ಹೋಗುವಂತೆ ಮಡಿಸಿ ಕೊಟ್ಟಳು. ಅವನು ಅವಳ ಕೈಯನ್ನೇ ನೋಡುತ್ತಿದ್ದನು. ಆದರೆ ಆ ಕೈ ಬೇರೆಯವರ ಕಡೆಗೆ ಹೋಗುತ್ತದೆಯೇ ಎಂಬುದನ್ನಷ್ಟೇ ನೋಡುತ್ತಿದ್ದನು.

ಬರಬರುತ್ತಾ ಅವಳು ಹೊರಗೆ ಹೋಗೋಣ ಎನ್ನುವುದನ್ನು ಬಿಟ್ಟಳು. ಅವನು ಹೆಬ್ಬಾಗಿಲು ತೋರಿಸಿದನು, ಅವಳು ನೋಡಿದಳು. ಕೆರೆ ತೋರಿಸಿದನು, ನೋಡಿದಳು. ಹೂವಿನ ಬೀದಿಯ ಬಳಿ ಬಂದಾಗ ಅವಳಾಗಿಯೇ ಬೇರೆ ದಾರಿಗೆ ತಿರುಗಿದಳು. ಇನ್ನು ಎಲ್ಲ ಸರಿಯಾಯಿತು ಎಂದುಕೊಂಡನು ವ್ಯಾಪಾರಿ. ಇಂಥ ಊರಿನಲ್ಲಿ ಇನ್ನೂ ಬಹಳ ದಿನ ಇರಬಹುದು ಎಂದೂ ಅನಿಸಿತು.

ಒಂದು ದಿನ ಕೋಣೆಯಲ್ಲಿ ನಾತ ಬಂತು. ಛತ್ರದವನು ಬಾಗಿಲಲ್ಲಿ ನಿಂತು, "ಏನು ಸ್ವಾಮಿ, ಒಳಗೆ ಇಲಿ ಸತ್ತಿದೆಯೇ?" ಎಂದು ಕೇಳಿದನು. ವ್ಯಾಪಾರಿ ಹುಡುಕಿದನು. ಕೊನೆಗೆ ಜಾಡಿಯ ಬಟ್ಟೆ ಬಿಚ್ಚಿ ಕೈ ಹಾಕಿದನು. ಮೇಲಿನ ಒಂದು ಪದರದ ಕೆಳಗೆ ಎಲೆಯೇ ಇರಲಿಲ್ಲ. ಕಪ್ಪು ಲೋಳೆಯಿತ್ತು. ಎಷ್ಟು ಒರೆಸಿದರೂ ಜಾಡಿಯ ಗೋಡೆಯಲ್ಲಿ ಉಪ್ಪು ಉಳಿದಿತ್ತು. ಅದು ಎಲೆಯ ನೀರನ್ನು ಹೊರಗೆಳೆದಿತ್ತು. ಗಾಳಿಯಿಲ್ಲದ ಜಾಗದಲ್ಲಿ, ತಮ್ಮ ನೀರಿನಲ್ಲಿಯೇ ಎಲೆಗಳು ಕೊಳೆತಿದ್ದವು. ಮೇಲಿನ ಪದರದಲ್ಲೂ ಒಂದು ಇಡೀ ಎಲೆ ಸಿಗಲಿಲ್ಲ.

ಅವಳು ಜಾಡಿಯನ್ನು ನೋಡಿದಳು.

"ಕೊನೆಯ ಎಲೆಗೆ ಏನು ಮಾಡುವುದು?" ಎಂದನು ಅವನು. ಪೇಟೆಯಿಂದ ತರಬಹುದಿತ್ತು. ಆದರೆ ಅಪ್ಪನ ತೋಟದ ಎಲೆ ಯಾವುದು, ಪೇಟೆಯ ಎಲೆ ಯಾವುದು ಎಂದು ಮುಟ್ಟಿದೊಡನೆ ಅವಳಿಗೆ ತಿಳಿಯುತ್ತಿತ್ತು.

"ಹೂವಿನ ಬೀದಿಯಲ್ಲಿ ಇದ್ದರೂ ಇರಬಹುದು. ನಾನು ಅಲ್ಲಿಗೆ ಹೋಗುವುದು ನಿಮಗೆ ಸರಿಬರುವುದಿಲ್ಲ. ನೀವೇ ಹೋಗಿ ಬನ್ನಿ" ಎಂದಳು ಅವಳು.

ವ್ಯಾಪಾರಿ ಹೋದನು. ಹೂವಾಡಿಗನ ಮುಂದೆ ನಿಂತು ವಿಷಯ ಹೇಳಿದನು. ಹೂವಾಡಿಗನು ಒದ್ದೆ ಬಟ್ಟೆ ಎತ್ತಿದನು. ಎಲೆಗಳು ಕಿತ್ತ ದಿನದಂತೆಯೇ ಇದ್ದವು.

"ನನಗೆ ಎಲೆ ಹಾಕಿಕೊಳ್ಳುವ ಅಭ್ಯಾಸವಿಲ್ಲ ಸ್ವಾಮಿ. ನಮ್ಮ ಮನೆಯವಳಿಗೆ ಎಲೆಯೆಂದರೆ ಪ್ರಾಣ. ತವರಿಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ. ಅವಳಿಗೆಂದು ಇಟ್ಟಿದ್ದೆ. ಹೂವಿಗೆ ನೀರು ಹಾಕುವಾಗ ಇದಕ್ಕೂ ನಾಲ್ಕು ಹನಿ ಬೀಳುತ್ತಿತ್ತು, ಅಷ್ಟೇ. ಒಂದೇಕೆ, ನಾಲ್ಕು ತೆಗೆದುಕೊಳ್ಳಿ."

ವ್ಯಾಪಾರಿ ಒಂದು ಎಲೆ ತೆಗೆದುಕೊಂಡನು. ಹೋಗದೆ ನಿಂತನು. ಕೊನೆಗೆ, "ತೊಂಡೆಕಾಯಿ ಎನ್ನುವುದು ಯಾಕೆ?" ಎಂದು ಕೇಳಿದನು.

ಹೂವಾಡಿಗನು ನಕ್ಕನು. "ಅಯ್ಯೋ, ಅದೇ? ಮುಂದಿನ ಹಲ್ಲು ಬಿದ್ದಾಗ ಬೇಲಿಯ ತೊಂಡೆಕಾಯಿ ಕಚ್ಚಲು ಹೋಗಿ, ಆಗದೆ ಬೀದಿಗೆಲ್ಲ ಕೇಳುವಂತೆ ಅತ್ತಿದ್ದಳು. ಅಂದಿನಿಂದ ಈ ಬೀದಿಯವರೆಲ್ಲ ಹಾಗೆಯೇ ಕರೆಯುತ್ತೇವೆ. ನೀವು ನಗುತ್ತಾ ಕೇಳಿದ್ದರೆ ಅವಳೇ ಹೇಳುತ್ತಿದ್ದಳು."

ಗಂಡ ಹೆಂಡತಿ ಎಲೆಯನ್ನು ಎರಡಾಗಿ ಸೀಳಿ ತಿಂದು ಗಾಡಿ ಹತ್ತಿದರು. ಊರು ಹಿಂದೆ ಬಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ. ಇನ್ನು ಹೂವಾಡಿಗನಿಲ್ಲ, ಸೋದರತ್ತೆಯಿಲ್ಲ, ಅವಳು ಪೂರ್ತಿ ತನ್ನವಳು ಎಂದುಕೊಂಡನು ವ್ಯಾಪಾರಿ. ಆ ನಗುವನ್ನು ಕೇಳಬೇಕೆಂದು ಅವನಿಗೆ ತುಂಬ ಆಸೆಯಾಯಿತು. ಮೆಲ್ಲಗೆ, "ಏನೇ ತೊಂಡೆಕಾಯಿ" ಎಂದನು.

ಅವಳು ಕೂಡಲೇ ಅವನ ಕಡೆಗೆ ತಿರುಗಿದಳು. "ಏನಾದರೂ ಬೇಕಿತ್ತೇ?" ಎಂದಳು.

ತವರಿನ ಬಾಗಿಲಲ್ಲಿ ತಾಯಿ ಬಾಳೆಪಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು, "ಅಳಿಯಂದಿರೇ, ಕೊನೆಯ ಎಲೆ ಹೇಗಿತ್ತು?" ಎಂದು ಕೇಳಿದಳು. ಅವನು ಹೇಳುವ ಮೊದಲೇ ಹೆಂಡತಿ ಮುಂದೆ ಬಂದು, "ಹಸಿರಾಗಿತ್ತಮ್ಮ" ಎಂದಳು. ಅದು ಸುಳ್ಳಾಗಿರಲಿಲ್ಲ. ಎಲ್ಲಿ ಹಸಿರಾಗಿ ಉಳಿದಿತ್ತು ಎಂಬುದು ಅವರಿಬ್ಬರಿಗಷ್ಟೇ ಗೊತ್ತಿತ್ತು.

ಆಮೇಲೆ ಅವರು ಬಹಳ ವರ್ಷ ಬಾಳಿದರು. ಅವಳು ಬೇರೆಯವರ ಎದುರು ಹಾಗೆ ನಗಲಿಲ್ಲ. ಅವನ ಎದುರೂ ನಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ತಿಳಿಯಾಯಿತು. "ತಿಳಿಯಿತು ಗುರುಗಳೇ. ಒಂದು ವಾರವೇ ಇರುತ್ತೇವೆ. ಅವಳು ಹೋದಲ್ಲಿಗೆಲ್ಲ ನಾನೂ ಹೋಗುತ್ತೇನೆ. ಅವಳ ಪರಿಚಯದವರು ಯಾರು ಯಾರು, ಎಂಥವರು, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿಕೊಂಡು ಬರುತ್ತೇನೆ. ಒಂದು ವಾರ ಸಾಕಾಗುತ್ತದಲ್ಲವೇ?"

ಗುರುಗಳು ಹೇಳಿದರು: "ದಿನವನ್ನು ಆಮೇಲೆ ಎಣಿಸೋಣ, ಮೊದಲು ನೀನು ಮುಚ್ಚಿದ ಆ ಬಾಗಿಲನ್ನು ತೆರೆದು ಬಾ."