ಹೆಗ್ಡೆಯವರು ಆರಿಸಿದ ಹಾಡುಗಳು

ಮಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಸೈಲೆಂಟ್ ಡಿಸ್ಕೊ ಏರ್ಪಾಡಾಗಿತ್ತು. ಸ್ಪೀಕರ್ ಇಲ್ಲ, ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕುಣಿಯಬೇಕು. ಹಾಡು ಹಾಕುವ ಕೆಲಸ ಲವೀನಾಳದು.

ನಿವಾಸಿಗಳ ಸಂಘದ ಕಾರ್ಯದರ್ಶಿ ಪದ್ಮರಾಜ ಹೆಗ್ಡೆಯವರು ಬಂದು ಪೆನ್‌ಡ್ರೈವ್ ಕೊಟ್ಟರು. "ಇದರಲ್ಲಿ ನಾನೇ ಆರಿಸಿದ, ಹೌಸ್ ಅನ್ನುವ ಡಿಸ್ಕೊ ಸಂಗೀತವಿದೆ. ಎಲ್ಲರ ಕಿವಿಗೂ ಇದೇ ಬೀಳಬೇಕು. ಇಲ್ಲದಿದ್ದರೆ ಹಾಲ್‌ಗೆ ಬೀಗ ಹಾಕಿಸುತ್ತೇನೆ."

"ಆಗಲಿ ಸರ್," ಎಂದಳು ಲವೀನಾ. ಮೊದಲ ಹಾಡಿನ ಆರಂಭವನ್ನಷ್ಟೇ ಕೇಳಿದಳು. ತಾಳ ಬರುವ ಲಕ್ಷಣವೇ ಇರಲಿಲ್ಲ. ಇದನ್ನು ಹಾಕಿದರೆ ಹುಡುಗರು ಎದ್ದು ಹೋಗುತ್ತಾರೆ ಅನ್ನಿಸಿತು.

ಹೆಡ್‌ಫೋನುಗಳಲ್ಲಿ ಎರಡು ಚಾನೆಲ್. ಒಂದಕ್ಕೆ ಕೆಂಪು ದೀಪ, ಇನ್ನೊಂದಕ್ಕೆ ಬಿಳಿ. ಕೆಂಪಿನಲ್ಲಿ ಅವಳು ತನ್ನ ಹಾಡುಗಳನ್ನು ಹಾಕಿದಳು. ಹೆಗ್ಡೆಯವರದನ್ನು ಬಿಳಿಯದರಲ್ಲಿ ಹಾಕಿ, ಅವರೊಬ್ಬರ ಹೆಡ್‌ಫೋನನ್ನು ಮಾತ್ರ ಆ ಚಾನೆಲ್‌ಗೆ ಹೊಂದಿಸಿ, ಅದರ ದೀಪಕ್ಕೆ ಕೆಂಪು ಕಾಗದ ಅಂಟಿಸಿದಳು.

ಎಲ್ಲೆಲ್ಲೂ ತಮ್ಮದರಂತೆಯೇ ಕೆಂಪು ದೀಪ ಕಂಡು ಹೆಗ್ಡೆಯವರು ಹಿಗ್ಗಿದರು. ತಾವೂ ನಿಧಾನಕ್ಕೆ ಕುಣಿದರು. "ಹುಡುಗರದು ಸ್ವಲ್ಪ ಅವಸರ," ಎಂದರು. "ಆದರೂ ಹಾಡು ಹಿಡಿಸಿದೆ."

ಎಲ್ಲ ಮುಗಿದು ಹೆಡ್‌ಫೋನ್ ಮರಳಿಸುವಾಗ ಅವರ ಕಣ್ಣು ಒದ್ದೆಯಾಗಿತ್ತು. "ನಾನೂ ನನ್ನ ತಮ್ಮನೂ ಮುಂಬೈಯಲ್ಲಿ ಈ ಹಾಡುಗಳಿಗೆ ಕುಣಿಯುತ್ತಿದ್ದೆವು. ಅವನು ತೀರಿಕೊಂಡ ಮೇಲೆ ಒಬ್ಬನೇ ಕೇಳುತ್ತಿದ್ದೆ. ಇವತ್ತು ಇಷ್ಟು ಜನ ಜೊತೆಗೆ ಕೇಳಿದರಲ್ಲ, ಅಷ್ಟು ಸಾಕಮ್ಮ."

ಲವೀನಾ ಅವರ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡಳು. ಅವರು ಹೋದ ಮೇಲೆ ಅದೇ ಹೆಡ್‌ಫೋನ್ ಹಾಕಿಕೊಂಡಳು. ಅವರ ಹಾಡು ಇನ್ನೂ ಓಡುತ್ತಿತ್ತು. ತಾಳ ಬಂದಿತ್ತು, ಚೆನ್ನಾಗಿಯೇ ಇತ್ತು. ತಾನು ಸ್ವಲ್ಪ ಹೊತ್ತು ತಾಳಿಕೊಂಡಿದ್ದರೆ ಎಲ್ಲರಿಗೂ ಕೇಳಿಸಬಹುದಿತ್ತು ಎಂದುಕೊಳ್ಳುತ್ತ, ಖಾಲಿ ಹಾಲ್‌ನಲ್ಲಿ ಅವಳೊಬ್ಬಳೇ ಆ ಹಾಡನ್ನು ಕೊನೆಯವರೆಗೂ ಕೇಳಿದಳು.