ಫೈಬರ್ ಜಟ್ಟಪ್ಪನ ತೂತಿನ ಕಾಸು

ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಕಡೆ ಒಂದು ಊರಿತ್ತಂತೆ. ಯಾವ ಊರು ಅಂತ ಮಾತ್ರ ಕೇಳಬೇಡಿ. ನಾಲ್ಕು ಊರಿನವರು ಅದು ನಮ್ಮದೇ ಅಂತ ಇವತ್ತಿಗೂ ಜಗಳ ಕಾಯುತ್ತಾರೆ, ನಡುವೆ ಹೋಗಿ ಬೈಸಿಕೊಳ್ಳುವುದು ಯಾರಿಗೆ ಬೇಕಾಗಿದೆ. ಊರಿನ ಒಂದು ಮಗ್ಗುಲಿಗೆ ಅಳಿವೆ, ಇನ್ನೊಂದು ಮಗ್ಗುಲಿಗೆ ಎದ್ದು ನಿಂತ ಘಟ್ಟ. ಆ ಅಳಿವೆಯ ದಂಡೆಯಲ್ಲಿ, ತನ್ನ ಮನೆಯ ಅಂಗಳಕ್ಕೇ ತಗಡಿನ ಮಾಡು ಇಳಿಸಿಕೊಂಡು, ಜಟ್ಟಪ್ಪ ಅಂಬಿಗ ಅನ್ನುವವನು ದೋಣಿ ಕಟ್ಟುತ್ತಿದ್ದ. ಮರದ ದೋಣಿಯ ಕಾಲ ಮುಗಿದಾಗ, ಬಟ್ಟೆಗೆ ಅಂಟು ಮೆತ್ತಿ ಫೈಬರ್ ದೋಣಿ ಮಾಡುವುದನ್ನು ಆ ದಂಡೆಗೆ ಮೊದಲು ತಂದವನು ಅವನೇ ಅಂತೆ. ಅದಕ್ಕೆ ಜನ ಅವನನ್ನು ಫೈಬರ್ ಜಟ್ಟಪ್ಪ ಅಂತಲೇ ಕರೆದರು.

ಅವನ ಕಿವಿಯ ವಿಷಯ ಮೊದಲು ಹೇಳಬೇಕು. ಫೈಬರ್ ಅಂದರೆ ಪದರದ ಮೇಲೆ ಪದರ. ಪೆಟ್ಟು ಬಿದ್ದರೆ ಮರದ ಹಾಗೆ ಸೀಳುವುದಿಲ್ಲ, ತಗಡಿನ ಹಾಗೆ ನೆಗ್ಗುವುದೂ ಇಲ್ಲ. ಮೇಲೆ ಎಲ್ಲ ಸರಿಯಾಗೇ ಇರುತ್ತದೆ, ಒಳಗೆ ಪದರ ಬಿಟ್ಟಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಬೇಕು. ಜಟ್ಟಪ್ಪನ ಉಡಿದಾರದಲ್ಲಿ ಅಜ್ಜನ ಕಾಲದ ಒಂದು ತೂತಿನ ಕಾಸಿತ್ತು. ಅದರಿಂದ ದೋಣಿಯ ಮೈಯೆಲ್ಲ ಟಕಟಕ ಬಡಿಯುತ್ತಾ ಹೋಗುತ್ತಿದ್ದ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತಿತ್ತು, ಪದರ ಬಿಟ್ಟ ಕಡೆ ಬದ್ ಅನ್ನುತ್ತಿತ್ತು. ಇಲ್ಲಿ ಕೊಯ್ಯಿರಿ ಅಂದರೆ ಅಲ್ಲೇ ಕೊಯ್ಯಬೇಕು, ಕೊಯ್ದರೆ ಹುಳುಕು ಅಲ್ಲೇ ಸಿಗುತ್ತಿತ್ತು. ಒಂದು ಸಲ ಅಂಗಳದಲ್ಲಿ ಗಂಜಿ ಉಣ್ಣುತ್ತಾ ಕೂತವನು, ಅಳಿವೆಯಲ್ಲಿ ಹೋಗುತ್ತಿದ್ದ ದೋಣಿಗೆ ಅಲೆ ಬಡಿದ ಸದ್ದು ಕೇಳಿ, ಎಂಜಲು ಕೈಯಲ್ಲೇ ಎದ್ದು ಓಡಿ ಆ ದೋಣಿಯನ್ನು ವಾಪಸು ಕರೆಸಿದನಂತೆ. ಕಂಡವರು ಹೇಳಿದ್ದು, ಕೇಳಿದವರು ಬೆಳೆಸಿದ್ದು. ಬೇಕಾದಷ್ಟು ನಂಬಿ.

ಅವನು ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು. ಮೊದಲು ಬಡಿದು ನೋಡಿ, ಬಣ್ಣ ಆಮೇಲೆ. ಬಡಿಯದೆ ಬಣ್ಣ ಬಳಿದ ಕೆಲಸಗಾರನನ್ನು ಅವನು ಮಾಡಿನೊಳಗೆ ಕಾಲಿಡಲು ಬಿಡುತ್ತಿರಲಿಲ್ಲವಂತೆ.

ಜಟ್ಟಪ್ಪನಿಗೆ ಒಬ್ಬಳು ತಂಗಿ, ಕುಸುಮ. ಪಕ್ಕದ ಮನೆಯಲ್ಲೇ ಇದ್ದಳು. ಊರಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಪ್ರತಿ ಗುರುವಾರ ಐಸಿನ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು, ಘಟ್ಟದ ಮೇಲಿನ ಏಳು ಕೊಪ್ಪಗಳ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹೋಗುತ್ತಿದ್ದಳು. ಒಂದೊಂದು ಕೊಪ್ಪದಲ್ಲಿ ಹತ್ತೋ ಹನ್ನೆರಡೋ ಮನೆ, ನಡುವೆ ಬೇರು, ಬಂಡೆ, ಹಳ್ಳ. ಬಸ್ಸಿಲ್ಲ, ಜೀಪಿಲ್ಲ. ಅವಳ ಹತ್ತಿರ ಇದ್ದದ್ದು ಕಬ್ಬಿಣದ ಸೈಕಲ್. ಏರಿನಲ್ಲಿ ಅದನ್ನು ಹೆಗಲ ಮೇಲೆ ಹೊರಬೇಕು. ಇಳಿಜಾರಿನಲ್ಲಿ ಅದು ಕುಣಿಯುವ ಕುಣಿತಕ್ಕೆ ಸೊಂಟ ಬೀಳಬೇಕು.

ಒಂದು ಗುರುವಾರ ಅವಳು ಸೀದಾ ಅಣ್ಣನ ಮಾಡಿಗೆ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಒಡೆದ ಮದ್ದಿನ ಬಾಟಲಿಗಳ ಗಾಜಿನ ಚೂರು. ಅರ್ಧ ಮಕ್ಕಳು ಮದ್ದಿಲ್ಲದೆ ವಾಪಸು ಹೋಗಿದ್ದವು. "ಅಣ್ಣಾ, ದೋಣಿಗೆ ಅಲೆ ತಡ್ಕೊಳ್ಳೋ ಮೈ ಕೊಡ್ತೀಯಲ್ಲ, ನನ್ನ ಸೈಕಲ್ಲಿಗೆ ಕೊಡೂಕೆ ಆಗೂದಿಲ್ವಾ?" ಅಂದಳಂತೆ. ಜಟ್ಟಪ್ಪ ಮೂರು ದಿನ ಅವಳ ಸೈಕಲ್ಲನ್ನು ತಲೆಕೆಳಗು ಮಾಡಿಟ್ಟುಕೊಂಡು ಅದರ ಮುಂದೆ ಕೂತ.

ನಾಲ್ಕನೇ ದಿನ ಅಟ್ಟದಿಂದ ಒಂದು ಕರಿ ಬಟ್ಟೆಯ ಸುರುಳಿ ಇಳಿಸಿದ. ಅದು ಕಾರ್ಬನ್ ಬಟ್ಟೆ, ಅಂಟು ಮೆತ್ತಿದರೆ ಫೈಬರಿಗಿಂತ ಹಗುರ, ಫೈಬರಿಗಿಂತ ಗಟ್ಟಿ. ಒಡೆದುಹೋದ ಪರದೇಶದ ಹಾಯಿದೋಣಿಯಿಂದ ತೇಲಿಬಂದದ್ದು ಅಂತ ಕೆಲವರು ಹೇಳುತ್ತಾರೆ. ಗೋವೆಯ ಕಡೆ ಕೆಲಸಕ್ಕೆ ಹೋದಾಗ ಕೂಲಿಯ ಬದಲು ಇಸಿದುಕೊಂಡದ್ದು ಅಂತ ಅವನ ಮನೆಯಾಕೆ ಹೇಳುತ್ತಿದ್ದಳಂತೆ. ಹೇಗೋ ಬಂತು. ಥರ್ಮೋಕೋಲನ್ನು ಮೀನು ಕೊಯ್ಯುವ ಚೂರಿಯಲ್ಲಿ ಸೈಕಲ್ಲಿನ ಮೈಯ ಆಕಾರಕ್ಕೆ ಕೆತ್ತಿದ. ಮೇಲೆ ಕರಿ ಬಟ್ಟೆ ಸುತ್ತಿ ದೋಣಿಗೆ ಹಚ್ಚುವ ರೆಸಿನ್ ಅಂಟನ್ನೇ ಹಚ್ಚಿದ. ಹಚ್ಚಿದ್ದೇ ತಡ, ಥರ್ಮೋಕೋಲು ಕರಗಿ ಬಟ್ಟೆಯೆಲ್ಲ ಜೋತುಬಿತ್ತು. ಎರಡು ವಾರದ ಕೆಲಸ ಹೊಳೆಗೆ ಹೋಯಿತು. ಊರವರು ಒಳಗೊಳಗೇ ನಕ್ಕರು. ಅವನು ಬೇರೆ ಜಾತಿಯ ಅಂಟು ತರಿಸಿದ. ಮತ್ತೆ ಕೆತ್ತಿದ, ಮತ್ತೆ ಸುತ್ತಿದ. ಹಳೇ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿ ಕತ್ತರಿಸಿ ಅದರ ಮೇಲೆ ಬಿಗಿದು ಕಟ್ಟಿ ಹೆಚ್ಚಿನ ಅಂಟನ್ನು ಹಿಂಡಿ ತೆಗೆದ. ಮನೆಯಾಕೆ ಮೀನು ಒಣಗಿಸುವ ಜಾಗದಲ್ಲಿ ಅದನ್ನು ಬಿಸಿಲಿಗಿಟ್ಟ. ಅವಳು ಒಂದು ವಾರ ಮಾತು ಬಿಟ್ಟಳು, ಅದೂ ಆಯಿತು.

ಎರಡು ತುಂಡಾಗಿ ಕಟ್ಟಿದ ಅದನ್ನು. ಮುಂದಿನ ಮೈ ಬೇರೆ, ಹಿಂದಿನ ಚಕ್ರ ಹಿಡಿಯುವ ತೋಳು ಬೇರೆ. ಎರಡಕ್ಕೂ ನಡುವೆ ಬೇರಿಂಗು, ಗುಜರಿಯಿಂದ ಆರಿಸಿ ತಂದ, ಕುಲುಕಾಟ ನುಂಗುವ ಶಾಕ್. ಮುಂದಿನ ಚಕ್ರಕ್ಕೂ ಶಾಕ್. ಚಕ್ರ ಕಲ್ಲು ಹತ್ತಿ ಇಳಿದರೂ ಕೂತವರ ಮೈ ಕದಲಬಾರದು, ಅಷ್ಟೇ ಅವನ ಲೆಕ್ಕ. ಮುಗಿದ ದಿನ ಕುಸುಮ ಅದನ್ನು ಒಂದೇ ಕೈಯಲ್ಲಿ ಎತ್ತಿದಳು. ಕಿರುಬೆರಳಲ್ಲಿ ಎತ್ತಿದಳು ಅನ್ನುವವರೂ ಇದ್ದಾರೆ. ಪೆಟ್ಟಿಗೆಯಲ್ಲಿ ಹತ್ತು ಕೋಳಿಮೊಟ್ಟೆ ಇಟ್ಟುಕೊಂಡು ಏಳನೇ ಕೊಪ್ಪದಿಂದ ದಂಡೆಯವರೆಗೆ ಇಳಿದು ಬಂದಳು. ಒಂದೂ ಒಡೆದಿರಲಿಲ್ಲ. ಒಂದು ಮೊಟ್ಟೆಗೆ ಅಲುಗಾಟವೇ ಗೊತ್ತಾಗದೆ ಬರುವಷ್ಟರಲ್ಲಿ ಮರಿಯಾಗಿತ್ತು ಅಂತಲೂ ಹೇಳುತ್ತಾರೆ. ಕಂಡವರು ಹೇಳಿದ್ದು, ಕೇಳಿದವರು ಬೆಳೆಸಿದ್ದು.

ಒಂದು ವರ್ಷ ಸೈಕಲ್ಲು ಹಾಗೇ ಕರಿಯಾಗಿ ಓಡಿತು. ಪ್ರತಿ ಬುಧವಾರ ಜಟ್ಟಪ್ಪ ಅದರ ಮೈಯೆಲ್ಲ ಕಾಸಿನಿಂದ ಬಡಿಯುತ್ತಿದ್ದ. ಪ್ರತಿ ಗುರುವಾರ ಬೆಳಿಗ್ಗೆ ಕುಸುಮ ಬಂದು, "ಬಡಿದು ನೋಡಿದ್ಯಾ ಅಣ್ಣಾ?" ಅನ್ನುತ್ತಿದ್ದಳು. ಅವನು "ಹ್ಞೂಂ" ಅನ್ನುತ್ತಿದ್ದ. ಅವಳು ಹತ್ತಿ ಹೋಗುತ್ತಿದ್ದಳು. ಆ ವರ್ಷ ಮೇಲಿನ ಏಳು ಕೊಪ್ಪಗಳಲ್ಲಿ ಒಂದು ಮಗುವಿಗೂ ಚುಚ್ಚುಮದ್ದು ತಪ್ಪಲಿಲ್ಲವಂತೆ.

ಹಾಗೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಯಾರೋ ಬಂದವರು ಅದನ್ನು ನೋಡಿ, ಸುಟ್ಟ ಕೊಳ್ಳಿಯ ಹಾಗಿದೆಯಲ್ಲ ಮಾರಾಯಾ ಅಂದುಬಿಟ್ಟರು. ಅದು ಜಟ್ಟಪ್ಪನಿಗೆ ನಾಟಿತು. ಬಣ್ಣಕ್ಕೆ ಕೈ ಹಾಕಿದ. ಒಂದು ಕೈ ಬಳಿಯುವುದು, ಒಣಗಿಸುವುದು, ನೀರು ಹಾಕಿ ಪಾಲಿಶ್ ಕಾಗದದಲ್ಲಿ ಉಜ್ಜುವುದು, ಮತ್ತೆ ಬಳಿಯುವುದು. ಹೀಗೆ ಹನ್ನೊಂದು ಕೈ. ಕೆಳಗೆ ಅಳಿವೆಯ ಕೆಸರಿನ ಹಸಿರು, ಮೇಲೆ ಹೋಗುತ್ತಾ ಹೋಗುತ್ತಾ ಕಡಲಿನ ನೀಲಿ, ಮುಂದಿನ ಕೊಳವೆಯ ಮೇಲೆ ಮೀನಿನ ಹುರುಪೆ, ಒಂದೊಂದನ್ನೂ ಅಳಿಲಿನ ಬಾಲದ ಕೂದಲಲ್ಲಿ ಬರೆದದ್ದು. ನೋಡಿದವರು ಕಣ್ಣು ಕೀಳಲಿಲ್ಲ. ಭಾನುವಾರ ಬಂತೆಂದರೆ ಸುತ್ತಲ ಊರಿನವರು ನೋಡಲು ಬರತೊಡಗಿದರು. ಅವನು ಅದನ್ನು ಮಾಡಿನ ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿ ತೋರಿಸುತ್ತಿದ್ದ.

ಜಂಬ ಬಂತು ಅಂತ ಅವನನ್ನು ಆಡಿಕೊಳ್ಳುವುದು ಸುಲಭ. ಆದರೆ ನೀವೂ ಸ್ವಲ್ಪ ಯೋಚನೆ ಮಾಡಿ. ಅವನು ಆಯುಷ್ಯವಿಡೀ ಮಾಡಿದ್ದು ದೋಣಿಯ ತಳ. ತಳ ಇರುವುದು ನೀರಿನೊಳಗೆ. ಅವನ ಕೈಕೆಲಸವನ್ನು ನಿಂತು ನೋಡಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಸೈಕಲ್ಲನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ್ದ. ಪಕ್ಕದಲ್ಲಿದ್ದ ಲಂಗರು ಜಾರಿ ಅದರ ಹಿಂದಿನ ತೋಳಿನ ಮೇಲೆ ಬಿತ್ತು. ಓಡಿ ಬಂದು ಎತ್ತಿದ. ಹುಣಸೆಬೀಜದಷ್ಟು ಜಾಗದಲ್ಲಿ ಬಣ್ಣ ಎದ್ದಿತ್ತು, ಮತ್ತೇನೂ ಕಾಣಲಿಲ್ಲ. ಉಡಿದಾರಕ್ಕೆ ಕೈ ಹಾಕಿ ಕಾಸು ಬಿಚ್ಚಿದ. ಬಡಿಯಲು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಬಣ್ಣ ಹಚ್ಚಿದ ಮೇಲೆ ಮೆಲ್ಲಗೆ ಬಡಿಯುತ್ತಿದ್ದ, ಈಗ ಜೋರಾಗಿ ಬಡಿದರೆ ಬಣ್ಣದ ಮೇಲೆ ಕಾಸಿನ ಗೀರು ಬೀಳುತ್ತದೆ. ಬದ್ ಅಂತ ಕೇಳಿಸಿತೋ, ತೋಳನ್ನೇ ಕೊಯ್ಯಬೇಕು, ಹನ್ನೊಂದು ಕೈಯ ಕೆಲಸ ಮಣ್ಣುಪಾಲು. ಭಾನುವಾರಕ್ಕೆ ಘಟ್ಟದಾಚೆಯಿಂದ ಒಂದು ವ್ಯಾನು ಜನ ನೋಡಲು ಬರುವವರಿದ್ದರು. ಸಣ್ಣ ಪೆಟ್ಟಲ್ಲವೇ, ಏನಾಗಿರುತ್ತದೆ ಅಂದುಕೊಂಡ. ಊರಿಗೆಲ್ಲ ಬಡಿದು ನೋಡಿ ಅಂತ ಹೇಳಿದವನು ಕಾಸನ್ನು ಮತ್ತೆ ಉಡಿದಾರಕ್ಕೆ ಕಟ್ಟಿಕೊಂಡ. ಆ ಜಾಗಕ್ಕೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಎಳೆದ. ಪೆಟ್ಟು ಎಲ್ಲಿ ಬಿದ್ದಿತ್ತು ಅಂತ ಅವನಿಗೇ ಹುಡುಕಬೇಕಾಯಿತು, ಅಷ್ಟು ಚೆನ್ನಾಗಿ ಕೂತಿತ್ತಂತೆ.

ಗುರುವಾರ ಕುಸುಮ ಬಂದಳು. "ಬಡಿದು ನೋಡಿದ್ಯಾ ಅಣ್ಣಾ?" ಅಂದಳು.

"ಹ್ಞೂಂ" ಅಂದ.

ಐದನೇ ಕೊಪ್ಪದ ಕೆಳಗಿನ ಇಳಿಜಾರಿನಲ್ಲಿ ಹಿಂದಿನ ತೋಳು ಪಟ್ಟನೆ ಮುರಿಯಿತು. ಅವಳು ಹಳ್ಳದ ಬಂಡೆಗಳ ಮೇಲೆ ಹೋಗಿ ಬಿದ್ದಳು. ಕೊಪ್ಪದವರು ಕಂಬಳಿಯಲ್ಲಿ ಮಲಗಿಸಿ ಹೊತ್ತು ತಂದರು. ಜೀವ ಉಳಿಯಿತು. ಬಲಗಾಲಿನ ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ಅವಳು ಹತ್ತುತ್ತಿದ್ದ ದಾರಿಯಲ್ಲಿ ಆ ಮಳೆಗಾಲ ಬೇರೆ ಯಾರೂ ಹತ್ತಲು ಒಪ್ಪಲಿಲ್ಲ. ಮೇಲೆ ಎರಡು ಮಕ್ಕಳಿಗೆ ಗಂಟಲುಮಾರಿ ಬಂತು. ಒಂದು ಉಳಿಯಿತು, ಒಂದು ಉಳಿಯಲಿಲ್ಲ. ಇದನ್ನು ಮಾತ್ರ ಯಾರೂ ಬೆಳೆಸಿ ಹೇಳಿದ್ದಲ್ಲ.

ಊರವರು ಕಲ್ಲನ್ನು ಬೈದರು, ದಾರಿಯನ್ನು ಬೈದರು, ಹಣೆಬರಹ ಅಂದರು. ಕುಸುಮ ನೋಡಲು ಬಂದವರಿಗೆಲ್ಲ, ಅಣ್ಣನ ಸೈಕಲ್ ಆದದ್ದಕ್ಕೆ ಬದುಕಿದೆ, ಕಬ್ಬಿಣದ್ದಾಗಿದ್ದರೆ ಅಲ್ಲೇ ಮುಗಿದುಹೋಗುತ್ತಿದ್ದೆ ಅಂತ ಹೇಳುತ್ತಿದ್ದಳು. ಜಟ್ಟಪ್ಪ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಮುರಿದ ತೋಳನ್ನು ಅವನು ಆವತ್ತೇ ನೋಡಿದ್ದ. ಮುರಿದ ಬಾಯೆಲ್ಲ ಹೊಸದಾಗಿ ಹೊಳೆಯುತ್ತಿತ್ತು, ಪುಟ್ಟಿಯ ಕೆಳಗೆ ಒಂದು ಕಡೆ ಮಾತ್ರ ಪದರಗಳು ಒಂದಕ್ಕೊಂದು ತಿಕ್ಕಿ ಬೂದಿಯ ಹಾಗಾಗಿದ್ದವು. ಪದರ ಮೊದಲೇ ಬಿಟ್ಟಿತ್ತು ಅನ್ನುವ ಆ ಗುರುತನ್ನು ಓದಬಲ್ಲವನು ಆ ದಂಡೆಯಲ್ಲಿ ಅವನೊಬ್ಬನೇ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ತಿಂಗಳು ಅವನು ಬಾಯಿ ಬಿಡಲಿಲ್ಲ. ಉಂಡ ಅನ್ನ ಮೈಗೆ ಹತ್ತಲಿಲ್ಲ, ಕೆಲಸಕ್ಕೆ ಕೈ ಏಳಲಿಲ್ಲ.

ಮಳೆ ನಿಂತ ಮೇಲೆ ಒಂದು ದಿನ ಮುರಿದ ತೋಳನ್ನು ಗೋಣಿಯಲ್ಲಿ ಸುತ್ತಿಕೊಂಡು ತಂಗಿಯ ಜಗಲಿಗೆ ಹೋದ. ಅವಳು ಕಾಲು ಚಾಚಿ ಕೂತು ಬಂಗಡೆ ಕೊಯ್ಯುತ್ತಿದ್ದಳು. ತೋಳನ್ನು ಅವಳ ಮುಂದಿಟ್ಟು, ಉಡಿದಾರದಿಂದ ಕಾಸು ಬಿಚ್ಚಿ ಅವಳ ಕೈಗೆ ಕೊಟ್ಟು, ಬಡಿ ಅಂದ. ಅವಳು ಏನೋ ಆಟ ಅಂದುಕೊಂಡು ಬಡಿಯುತ್ತಾ ಬಂದಳು. ಟಣ್, ಟಣ್, ಟಣ್, ಬದ್. ಅವಳ ಕೈ ನಿಂತಿತು. ಮತ್ತೆ ಅಲ್ಲೇ ಬಡಿದಳು. ಬದ್.

"ಬುಧವಾರ ಲಂಗರು ಬಿದ್ದಿತ್ತು. ನಾನು ಬಡಿಲಿಲ್ಲ. ನೀ ಕೇಳಿದಾಗ ಸುಳ್ಳು ಹೇಳ್ದೆ" ಅಂದ.

"ಯಾಕೆ?" ಅಂದಳು.

"ಬಣ್ಣ ಹೋಗ್ತಿತ್ತು."

ಕುಸುಮ ಬೈಯಲಿಲ್ಲ, ಅಳಲಿಲ್ಲ. "ನಂಗೆ ಬಣ್ಣ ಬೇಕು ಅಂತ ಯಾವಾಗ ಹೇಳಿದ್ದೆ ಅಣ್ಣಾ?" ಅಂದಳು. ಅಷ್ಟೇ. ಕಾಸನ್ನು ವಾಪಸು ಕೊಡಲಿಲ್ಲ, ಅವನೂ ಕೇಳಲಿಲ್ಲ.

ಆಮೇಲೆ ಜಟ್ಟಪ್ಪ ಬಣ್ಣದ ಡಬ್ಬಿ ಮುಟ್ಟಲಿಲ್ಲ. ಮುಂದಿನ ವರ್ಷ ಮೂರನೇ ಕೊಪ್ಪದ ಹೆಣ್ಣೊಬ್ಬಳು ನರ್ಸು ಕಲಿತು ಬಂದಾಗ ಅವಳಿಗೆ ಇನ್ನೊಂದು ಸೈಕಲ್ ಕಟ್ಟಿಕೊಟ್ಟ, ಕರೀದು. ಪ್ರತಿ ಬುಧವಾರ ಅದನ್ನು ಹೊತ್ತು ತಂದು ತಂಗಿಯ ಜಗಲಿಯಲ್ಲಿ ಇಡುತ್ತಿದ್ದ. ತಾನು ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದ. ಅವಳು ಆ ಕಾಸಿನಿಂದ ಮೈಯೆಲ್ಲ ಬಡಿಯುತ್ತಿದ್ದಳು. ಕಡೆಗೆ "ಹೋಗ್ಲಿ" ಅನ್ನುತ್ತಿದ್ದಳು. ಅವನು ಎತ್ತಿಕೊಂಡು ಹೋಗುತ್ತಿದ್ದ. ಅಣ್ಣ ತಂಗಿಯ ನಡುವೆ ಮಾತು ಅಂತ ಉಳಿದದ್ದು ಅದೊಂದೇ. ಹೀಗೆ ಹದಿನಾಲ್ಕು ವರ್ಷ ಅಂತಾರೆ. ಅವನು ಸತ್ತಾಗ ಕುಸುಮ ಕುಂಟಿಕೊಂಡು ಬಂದು ಕಾಸನ್ನು ಮತ್ತೆ ಅವನ ಉಡಿದಾರಕ್ಕೆ ಕಟ್ಟಿ ಕಳಿಸಿದಳು ಅಂತ ಕೆಲವರು ಹೇಳುತ್ತಾರೆ. ಕಟ್ಟಲು ಬಗ್ಗಿದವಳು ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ಹೋದಳು ಅಂತ ಇನ್ನು ಕೆಲವರು.

ಈಗಲೂ ಆ ಕಡೆ ಹೋದರೆ ನೋಡಿ. ಸೈಕಲ್ಲಿಗೆ ಯಾರು ಎಂಥ ಬಣ್ಣ ಹಚ್ಚಲಿ, ಹಿಂದಿನ ತೋಳಿನ ಮೇಲೆ ನಾಲ್ಕು ಬೆರಳಗಲ ಬಣ್ಣವಿಲ್ಲದೆ ಬಿಟ್ಟಿರುತ್ತಾರೆ. ಘಟ್ಟ ಇಳಿಯುವ ಮುಂಚೆ ಬಡಿದು ನೋಡುತ್ತಾರೆ, ಆದರೆ ತನ್ನ ಸೈಕಲ್ಲಿಗೆ ತಾನೇ ಬಡಿಯುವ ಹಾಗಿಲ್ಲ. ಪಕ್ಕದಲ್ಲಿ ಯಾರಿದ್ದಾರೋ ಅವರು ಬಡಿಯಬೇಕು, ಬೇಲಿ ಜಗಳಕ್ಕೆ ಮಾತು ಬಿಟ್ಟವರಾದರೂ ಸರಿ. ಸೈಕಲ್ಲಿನವರು ಬೆನ್ನು ತಿರುಗಿಸಿ ನಿಲ್ಲಬೇಕು. ದಾರಿಯಲ್ಲಿ ಎದುರಾದವರು "ಬಡಿದು ನೋಡಿದ್ಯಾ?" ಅಂತ ಕೇಳುವುದು ಇವತ್ತಿಗೂ ಇದೆ. ಅದಕ್ಕೆ ಆ ದಂಡೆಯಲ್ಲಿ ಯಾರೂ ಹ್ಞೂಂ ಅನ್ನುವುದಿಲ್ಲ. ಸುಮ್ಮನೆ ಕಾಸು ತೆಗೆದು, ಕೇಳಿದವರ ಕೈಗೇ ಕೊಡುತ್ತಾರೆ.